ಖಿನ್ನತೆ ಎಷ್ಟು ಜೋರಾಗಿದೆ? ಮುಂಬೈಯಲ್ಲಿ ನಮ್ಮವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗುವ ಮೊದಲು

ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ ಒಬ್ಬರನ್ನು ಅವರ ಭಾವ ನನ್ನ ಮುಂದೆ ತಂದು ಕೂರಿಸಿದರು. ನಾನು ಆಗ ಮುಂಬೈಯ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಹೊರಗೆ ಉದ್ದದ ಸಾಲು. ಗಡಿಬಿಡಿಯಲ್ಲಿ ಕೈಯಲ್ಲಿದ್ದ, ಖಿನ್ನತೆ ಅಳೆಯುವ ಹಿಂದಿ ಪ್ರಶ್ನೆಗಳ ಹಾಳೆಯನ್ನೇ ಓದುತ್ತಾ ಹೋದೆ. 'ಉದಾಸ್ ಲಗತಾ ಹೈ?' 'ನಹೀಂ.' ನಿದ್ದೆ ಸ್ವಲ್ಪ ಕಮ್ಮಿ, ಸುಸ್ತು, ಊಟ ಅಷ್ಟಕ್ಕಷ್ಟೇ. ಅಂಕ ಕೂಡಿಸಿದರೆ 27ಕ್ಕೆ ಒಟ್ಟು 6. ಸೌಮ್ಯ ಎಂದು ಬರೆದೆ.

ಅವರು ಎದ್ದು ಹೊರಟಾಗ ಭಾವ ತುಳುವಿನಲ್ಲಿ ಏನೋ ಗೊಣಗಿದರು. 'ಕೂತುಕೊಳ್ಳಿ ಮಾರಾಯ್ರೆ, ಊರು ಯಾವುದು?' ಎಂದೆ. ಕಾರ್ಕಳದ ಹತ್ತಿರ ಎಂದರು. ಮುಂದಿನ ಮುಕ್ಕಾಲು ಗಂಟೆ ಕನ್ನಡದಲ್ಲೇ ಮಾತು. ಕೊನೆಗೆ ಅದೇ ಹಾಳೆಯಲ್ಲಿ 20 ಬಂತು. ಒಂದೇ ದಿನ, ಒಂದೇ ಮನುಷ್ಯ. 6 ಅಂದರೆ 'ಕೆಲವು ವಾರ ಬಿಟ್ಟು ಬನ್ನಿ'. 20 ಅಂದರೆ 'ಇವತ್ತೇ ಡಾಕ್ಟರು ನೋಡಬೇಕು'.

ತಪ್ಪು ನನ್ನದೇ. ಹಿಂದಿಯ ಉದಾಸ್ ಅಂದರೆ ಮನಸ್ಸು ಕುಗ್ಗುವುದು. ಆದರೆ ನಮ್ಮ ಕರಾವಳಿಯಲ್ಲಿ ಉದಾಸೀನ ಅಂದರೆ ಸೋಮಾರಿತನ ಅಲ್ವಾ? ಬೆಳಗಿನ ಮೊದಲ ಇಡ್ಲಿ ಇಳಿಯುವ ಹೊತ್ತಿಗೆ ಗಲ್ಲಾಕ್ಕೆ ಬರುವವರನ್ನು 'ಉದಾಸ್ ಆಗುತ್ತದಾ' ಎಂದು ಕೇಳಿದರೆ ಇಲ್ಲ ಎನ್ನದೆ ಇನ್ನೇನು ಹೇಳುತ್ತಾರೆ? ಅವರಿಗೆ ಹಿಂದಿ ಬಾರದು ಎಂದಲ್ಲ. 25 ವರ್ಷದಿಂದ ಗಿರಾಕಿಗಳ ಜೊತೆ ಹಿಂದಿಯೇ. ಆದರೆ ಚಿಲ್ಲರೆ ಕೇಳುವ ಹಿಂದಿ ಬೇರೆ, ಎದೆಯೊಳಗಿನದ್ದನ್ನು ಹೇಳುವ ಮಾತು ಬೇರೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮನೆಯವರಿಗೆ, ಸಂಘದ ಆರೋಗ್ಯ ಶಿಬಿರದಲ್ಲಿ ಕೂರುವವರಿಗೆ, ಹೋಟೆಲ್ ನಡೆಸುವವರಿಗೆ, ನರ್ಸುಗಳಿಗೆ. ರೋಗ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಡಾಕ್ಟರ ಕೆಲಸ. ಸರಿಯಾದ ಲೆಕ್ಕ ಅವರ ಕೈಗೆ ಕೊಡುವುದು, ಇವತ್ತೇ ಹೋಗಬೇಕಾ ಅಥವಾ ಮುಂದಿನ ವಾರ ಸಾಕಾ ಎಂದು ತಿಳಿಯುವುದು ನಮ್ಮ ಕೆಲಸ. (ಇಲ್ಲಿ ಬರುವವರ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಮೊದಲು ಜಾಗ ಹುಡುಕಿ

ಮುಂಬೈಯಲ್ಲಿ ಇದೇ ಕಷ್ಟ. ಒಂದು ಕೋಣೆಯ ಮನೆ, ಹೋಟೆಲಿನ ಮಾಳಿಗೆಯಲ್ಲಿ ಎಂಟು ಜನರ ಹಾಸಿಗೆ. ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮಧ್ಯಾಹ್ನ ಹೋಟೆಲ್ ಸ್ವಲ್ಪ ಖಾಲಿ ಇರುವಾಗ ಫೈವ್ ಗಾರ್ಡನ್ಸ್ ಕಡೆ ನಡೆದುಕೊಂಡು ಹೋಗಿ. ಎದುರುಬದುರು ಕೂರಬೇಡಿ, ಪಕ್ಕದಲ್ಲಿ ಕೂರಿ. ಮೊದಲು ಅವರೊಬ್ಬರೇ ಮಾತಾಡಲಿ. ಆಮೇಲೆ ಅವರನ್ನು ಕೇಳಿಯೇ ಮನೆಯವರನ್ನು ಕರೆಯಿರಿ. ಗಂಡನ ಎದುರು ಹೆಂಡತಿ, ಧಣಿಯ ಎದುರು ಕೆಲಸದವ ಸತ್ಯ ಹೇಳುವುದು ಕಮ್ಮಿ.

ಇನ್ನೊಂದು ಮಾತು. ಖಿನ್ನತೆ ಜೋರಾಗಿರುವ ಅನೇಕರಿಗೆ ಬೆಳಗಿನ ಹೊತ್ತು ತುಂಬಾ ಭಾರ, ಸಂಜೆ ತುಸು ಹಗುರ. ಸಂಜೆ ನೋಡಿ 'ಚೆನ್ನಾಗೇ ಇದ್ದಾನಲ್ಲ' ಅಂದುಕೊಳ್ಳಬೇಡಿ.

ಮಾತಿನ ಅರ್ಥ ಬಿಡಿಸಿಕೊಳ್ಳಿ

ನಮ್ಮವರು 'ಖಿನ್ನತೆ' ಎನ್ನುವುದಿಲ್ಲ. 'ಟೆನ್ಷನ್' ಎನ್ನುತ್ತಾರೆ. 'ಬೇಜಾರು' ಎನ್ನುತ್ತಾರೆ. ಈ ಬೇಜಾರು ಮಹಾ ಮೋಸದ ಪದ. ಹೊತ್ತು ಹೋಗದಿದ್ದರೂ ಬೇಜಾರು, ಯಾರೋ ಬೈದರೂ ಬೇಜಾರು, ಅಪ್ಪ ತೀರಿಕೊಂಡರೂ ಬೇಜಾರು. 'ಯಾವ ಥರದ ಬೇಜಾರು? ಟಿವಿ ಹಾಕಿದರೆ ಹೋಗುತ್ತದಾ? ಮಗು ಫೋನಿನಲ್ಲಿ ನಕ್ಕರೆ ಹೋಗುತ್ತದಾ?' ಎಂದು ಕೇಳಿ. ಏನು ಮಾಡಿದರೂ ಹೋಗದ ಬೇಜಾರು ನಮಗೆ ಮುಖ್ಯ.

ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು 'ಜೀವ ಬ್ಯಾಸರ ಆಗೇತ್ರಿ' ಎನ್ನುತ್ತಾರೆ. ಕೆಲವೊಮ್ಮೆ ಅದು ಸುಮ್ನೆ ಸಾಕಾಗಿದೆ ಅನ್ನುವ ಮಾತು. ಕೆಲವೊಮ್ಮೆ ಅಕ್ಷರಶಃ ಜೀವವೇ ಬೇಡವಾಗಿರುತ್ತದೆ. ಊಹಿಸಬೇಡಿ, ಕೇಳಿ.

ಇನ್ನು ಎಷ್ಟೋ ಜನ ಮನಸ್ಸಿನ ಮಾತೇ ಎತ್ತುವುದಿಲ್ಲ. ಎದೆ ಭಾರ, ತಲೆ ಉರಿ, ಗ್ಯಾಸ್, ಮೈಕೈ ನೋವು, ನಿಶ್ಶಕ್ತಿ. ಇಸಿಜಿ ಆಗಿದೆ, ಎಂಡೋಸ್ಕೋಪಿ ಆಗಿದೆ, ಎಲ್ಲ ನಾರ್ಮಲ್. ರಿಪೋರ್ಟಿನ ದಪ್ಪ ಫೈಲು ಹಿಡಿದು ಬಂದವರನ್ನು ಕಂಡರೆ ನಾನು ಮೊದಲು ನಿದ್ದೆಯ ವಿಷಯ ಕೇಳುತ್ತೇನೆ. ಅಲ್ಲಿಂದ ಬಾಗಿಲು ಬೇಗ ತೆರೆಯುತ್ತದೆ.

ಎರಡು ಪ್ರಶ್ನೆ, ಆಮೇಲೆ ಒಂಬತ್ತು

ಅವತ್ತು ನನ್ನ ಕೈಯಲ್ಲಿದ್ದದ್ದು ಡಾಕ್ಟರುಗಳು ಹೆಚ್ಚಾಗಿ ಬಳಸುವ ಒಂಬತ್ತು ಪ್ರಶ್ನೆಗಳ ಹಾಳೆ, ಪಿಎಚ್‌ಕ್ಯೂ-9. ರಾಬರ್ಟ್ ಸ್ಪಿಟ್ಜರ್, ಜಾನೆಟ್ ವಿಲಿಯಮ್ಸ್, ಕರ್ಟ್ ಕ್ರೋಂಕೆ ಸೇರಿ ಮಾಡಿದ್ದು, 2001ರಲ್ಲಿ ಪ್ರಕಟವಾಯಿತು. ಬಳಸಲು ದುಡ್ಡು ಕೊಡಬೇಕಾಗಿಲ್ಲ. ಕನ್ನಡದ ಅನುವಾದವೂ ಇದೆ, ಅದನ್ನೇ ತೆಗೆದುಕೊಳ್ಳಿ. ಎಲ್ಲ ಪ್ರಶ್ನೆಯೂ ಕಳೆದ 2 ವಾರದ ಬಗ್ಗೆ. ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ ಅಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಅಂದರೆ 2, ಹೆಚ್ಚುಕಡಿಮೆ ದಿನಾ ಅಂದರೆ 3. ಏಕಾದಶಿಯ ಆಸುಪಾಸಿನ ದಿನವಾದರೆ 'ಹೋದ ಏಕಾದಶಿಯಿಂದ ಈ ಏಕಾದಶಿಯವರೆಗೆ' ಎಂದರೆ ಕೆಲವರಿಗೆ ಬೇಗ ಹೊಳೆಯುತ್ತದೆ.

ಶಿಬಿರದಲ್ಲಿ ಸಮಯ ಕಡಿಮೆ ಇದ್ದರೆ ಮೊದಲ ಎರಡೇ ಕೇಳಿ. ಯಾವುದರಲ್ಲೂ ಆಸಕ್ತಿ, ಖುಷಿ ಇಲ್ಲದಿರುವುದು ಒಂದು. ಮನಸ್ಸು ಕುಗ್ಗಿರುವುದು, ಮುಂದೆ ದಾರಿಯೇ ಇಲ್ಲ ಅನ್ನಿಸುವುದು ಇನ್ನೊಂದು. ಎರಡೂ ಸೇರಿ 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಒಂಬತ್ತನ್ನೂ ಕೇಳಲೇಬೇಕು.

ನಮ್ಮ ಗಲ್ಲಾದ ಅಣ್ಣನ ಉತ್ತರಗಳ ಜೊತೆಗೇ ನೋಡೋಣ.

ಆಸಕ್ತಿ: 'ಇದೆ, ಇದೆ' ಎಂದರು. ಭಾನುವಾರ ತಾಳಮದ್ದಳೆಗೆ ಹೋಗುತ್ತಿದ್ದಿರಂತಲ್ಲ ಎಂದು ಕೇಳಿದೆ. ನವರಾತ್ರಿ ಆದಮೇಲೆ ಹೋಗಿಲ್ಲ. ಮಗಳಿಗೆ ಫೋನು? ಅವಳೇ ಮಾಡುತ್ತಾಳೆ, ನಾನು ತೆಗೆಯುವುದಿಲ್ಲ. ದಿನಾ ಹೀಗೇ. 3. ಕುಗ್ಗುವುದು ಅರ್ಧಕ್ಕಿಂತ ಹೆಚ್ಚು ದಿನ, 2.

ನಿದ್ದೆಯಲ್ಲಿ ಎಚ್ಚರ ಬೇಕು. ಈ ಊರಿನಲ್ಲಿ ಎಲ್ಲರಿಗೂ ನಿದ್ದೆ ಕಮ್ಮಿ. ದೂರದ ಡೊಂಬಿವಲಿಯಿಂದ ಬರುವವರು ಲೋಕಲ್ ರೈಲಿನಲ್ಲೇ ತೂಕಡಿಸುತ್ತಾರೆ. ಆದ್ದರಿಂದ ಅವರ ಮೊದಲಿನ ನಿದ್ದೆಗೆ ಈಗಿನದನ್ನು ಹೋಲಿಸಿ. ಅಣ್ಣ ಮೊದಲು 5ಕ್ಕೆ ಯಾರಾದರೂ ತಟ್ಟಿ ಎಬ್ಬಿಸಿದರೇ ಏಳುವವರು. ಈಗ 3ಕ್ಕೇ ಎಚ್ಚರ. ಮೊದಲ ಲೋಕಲಿನ ಸದ್ದು ಕೇಳುವವರೆಗೆ ಮಾಡು ನೋಡುತ್ತಾ ಮಲಗಿರುತ್ತಾರೆ. ಅಲಾರಂ ಇಲ್ಲದೆ ಎರಡು ಗಂಟೆ ಮೊದಲೇ ಎಚ್ಚರಾಗಿ ಮತ್ತೆ ನಿದ್ದೆ ಬಾರದಿರುವುದು ಜೋರಾದ ಖಿನ್ನತೆಯ ಗುರುತುಗಳಲ್ಲಿ ಒಂದು. 3. ಸುಸ್ತಿಗೂ 3.

ಹಸಿವು ಕಡಿಮೆ ಆಗುವುದೂ ಲೆಕ್ಕಕ್ಕೆ ಬರುತ್ತದೆ, ವಿಪರೀತ ತಿನ್ನುವುದೂ ಬರುತ್ತದೆ. 'ಊಟ ಮಾಡ್ತೇನೆ' ಎಂದರು. ಭಾವ ಬೆಲ್ಟ್ ತೋರಿಸಿದರು. ಹೊಸದಾಗಿ ಎರಡು ತೂತು. 2.

ಆರನೆಯದು, ತನ್ನ ಬಗ್ಗೆಯೇ ಕೀಳಾಗಿ ಅನ್ನಿಸುವುದು. ಇದನ್ನು ಅವಸರದಲ್ಲಿ ಕೇಳಬೇಡಿ. 'ಮಗಳ ಮದುವೆಗೆ ಸಾಲ ಮಾಡಿದೆ ಅಕ್ಕ, ನನ್ನಿಂದ ಮನೆ ಹಾಳಾಯಿತು' ಎಂದರು. ಸಾಲ ತೀರಿ ವರ್ಷ ಕಳೆದಿದೆ ಎಂದರು ಭಾವ. 'ತೀರಿದ್ದು ಗೊತ್ತು, ಆದರೂ ನಾನೇ ಕಾರಣ' ಎಂದರು ಇವರು. 3. ಇಲ್ಲಿ ಇನ್ನೊಂದು ಗಮನಿಸಿ. ತೀರಿದ ಸಾಲವನ್ನು ತೀರಿಲ್ಲ ಎಂದೇ ಬಲವಾಗಿ ನಂಬಿದ್ದರೆ, ಬೈಯುವ ದನಿ ಕಿವಿಗೆ ಕೇಳಿಸುತ್ತಿದ್ದರೆ, ಅಂಕ ಎಷ್ಟೇ ಇರಲಿ, ಅದು ತೀವ್ರವೇ.

ಗಮನ ನಿಲ್ಲದಿರುವುದನ್ನು ಹಾಳೆಯಲ್ಲಿ ಪೇಪರ್ ಓದುವುದು, ಟಿವಿ ನೋಡುವುದು ಎಂಬ ಉದಾಹರಣೆ ಕೊಟ್ಟು ಕೇಳುತ್ತಾರೆ. ನಾನು ಕೆಲಸದ ಬಗ್ಗೆಯೇ ಕೇಳುತ್ತೇನೆ. ರಾತ್ರಿ ಗಲ್ಲಾ ಮುಚ್ಚುವಾಗ 100, 200 ರೂಪಾಯಿ ಕಡಿಮೆ ಬೀಳುತ್ತಿತ್ತಂತೆ. ಯಾರಿಗೂ ಹೇಳದೆ ತಮ್ಮ ಜೇಬಿನಿಂದ ತುಂಬುತ್ತಿದ್ದರು. 2. ಎಂಟನೆಯದನ್ನು ಬಾಯಿಯಿಂದ ಕೇಳುವುದಕ್ಕಿಂತ ಕಣ್ಣಿಂದ ನೋಡಬೇಕು. ನಡಿಗೆ, ಮಾತು ನಿಧಾನವಾಗಿದೆಯೇ? ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆಯೇ? 1 ಕೊಟ್ಟೆ. ಒಂಬತ್ತನೆಯದಕ್ಕೂ 1. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಒಂಬತ್ತನೆಯ ಪ್ರಶ್ನೆ

ಸಾಯುವ ಯೋಚನೆಯ ಪ್ರಶ್ನೆ ಇದು. ಶಿಬಿರದಲ್ಲಿ ಸ್ವಯಂಸೇವಕರು ಇದನ್ನೇ ಹಾರಿಸಿಬಿಡುತ್ತಾರೆ. 'ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ' ಎಂಬ ಹೆದರಿಕೆ. ಹಾಗೆ ಆಗುವುದಿಲ್ಲ. ಕೇಳಿದಾಗ ಹೆಚ್ಚಿನವರು ಉಸಿರು ಬಿಡುತ್ತಾರೆ, ಯಾರಾದರೂ ಕೇಳಿದರಲ್ಲ ಎಂದು.

ನಾನು ಕೇಳುವುದು ಹೀಗೆ: 'ಇಷ್ಟು ಕಷ್ಟದಲ್ಲಿರುವಾಗ ಎಷ್ಟೋ ಜನರಿಗೆ ಬದುಕೇ ಬೇಡ ಅನ್ನಿಸ್ತದೆ. ನಿಮಗೆ ಹಾಗೆ ಅನ್ನಿಸಿದ್ದುಂಟಾ?' ಅಣ್ಣ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, 'ರಾತ್ರಿ ಮಲಗಿದವ ಬೆಳಿಗ್ಗೆ ಏಳದಿದ್ರೆ ಒಳ್ಳೆದಿತ್ತು ಅಂತ ಮೂರ್ನಾಲ್ಕು ಸಲ' ಎಂದರು. ಭಾವನ ಮುಖ ಬಿಳಿಚಿತು. ಬೈಯಲು ಬಾಯಿ ತೆರೆದರು, ಕೈ ಸನ್ನೆ ಮಾಡಿ ತಡೆದೆ. 'ಹೆಂಡತಿ ಮಕ್ಕಳ ಮುಖ ನೋಡು' ಎಂಬ ಬುದ್ಧಿಮಾತು ಈ ಹೊತ್ತಿಗಲ್ಲ. ತಾನು ಹೊರೆ ಎಂದು ಮೊದಲೇ ನಂಬಿದವರಿಗೆ ಅದು ಇನ್ನೊಂದು ಏಟು.

ಇಲ್ಲಿ 1 ಬಂದರೂ ನಿಲ್ಲಿಸಬಾರದು. ಮುಂದಕ್ಕೆ ಕೇಳಿ. ಸುಮ್ನೆ ಸಾವು ಬರಲಿ ಅನ್ನಿಸುವುದಾ, ತಾನೇ ಜೀವ ತೆಗೆದುಕೊಳ್ಳುವ ಯೋಚನೆಯಾ? ಹೇಗೆ, ಯಾವಾಗ ಎಂದು ಲೆಕ್ಕ ಹಾಕಿದ್ದುಂಟಾ? ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯಾ? ಹಿಂದೆ ಯಾವಾಗಾದರೂ ಪ್ರಯತ್ನಿಸಿದ್ದುಂಟಾ? ಇಷ್ಟು ದಿನ ತಡೆದದ್ದು ಯಾವುದು? ಯೋಜನೆ ಇದೆ, ಅಥವಾ ಹಿಂದೆ ಪ್ರಯತ್ನ ಆಗಿದೆ ಎಂದರೆ ಒಟ್ಟು ಅಂಕ ನೋಡುತ್ತಾ ಕೂರಬೇಡಿ. ಅವರನ್ನು ಒಬ್ಬರನ್ನೇ ಬಿಡಬೇಡಿ. ಮನೆಯ ಗುಳಿಗೆಗಳನ್ನೆಲ್ಲ ನೀವು ತೆಗೆದಿಟ್ಟುಕೊಳ್ಳಿ. ಅವತ್ತೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. 'ಯಾರಿಗೂ ಹೇಳುವುದಿಲ್ಲ' ಎಂದು ಮಾತು ಕೊಡಬೇಡಿ. ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ.

ಬಾಯಲ್ಲಿ ಹೇಳದವರ ಕೈ ನೋಡಿ. ಇದ್ದಕ್ಕಿದ್ದಂತೆ ಬಾಕಿ ಎಲ್ಲ ತೀರಿಸುವುದು, ವಾಚು, ಪಾಸ್‌ಬುಕ್ ಯಾರಿಗೋ ಒಪ್ಪಿಸುವುದು, ವಾರಗಟ್ಟಲೆ ಒದ್ದಾಡಿದವರು ಕಾರಣವಿಲ್ಲದೆ ಒಂದೇ ದಿನದಲ್ಲಿ ಶಾಂತವಾಗುವುದು. ಈ ಶಾಂತಿ ನೋಡಿ ಸಮಾಧಾನ ಪಡಬೇಡಿ.

ಕೂಡಿಸಿದ ಮೇಲೆ

ಪೂರ್ತಿ ಅಂಕ 27. 5ರಿಂದ 9 ಸೌಮ್ಯ. 10ರಿಂದ 14 ಮಧ್ಯಮ. 15ರಿಂದ 19 ಮಧ್ಯಮಕ್ಕಿಂತ ಹೆಚ್ಚು. 20 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತೀವ್ರ. 10 ಬಂದರೆ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಬೇಡಿ. ಸೌಮ್ಯದಲ್ಲಿ ಹೆಚ್ಚಾಗಿ ಮಾತಿನ ಚಿಕಿತ್ಸೆ, ನಡಿಗೆ, ದಿನಚರಿ ಸರಿಮಾಡುವುದು ಸಾಕಾಗಬಹುದು. ಮೇಲಕ್ಕೆ ಹೋದಂತೆ ಗುಳಿಗೆ ಬರುತ್ತದೆ. ತೀವ್ರವಾದರೆ ಎರಡೂ ಬೇಕಾಗುತ್ತದೆ.

ಹಾಳೆಯ ಕೊನೆಗೆ ಅಂಕವಿಲ್ಲದ ಒಂದು ಪ್ರಶ್ನೆ ಇದೆ. ಇದರಿಂದ ಕೆಲಸಕ್ಕೆ, ಮನೆಗೆ, ಜನರ ಜೊತೆ ಬೆರೆಯುವುದಕ್ಕೆ ಎಷ್ಟು ಕಷ್ಟವಾಗಿದೆ? ನನ್ನ ಮಟ್ಟಿಗೆ ಇದೇ ಅರ್ಧ ಕಥೆ ಹೇಳುತ್ತದೆ. 13 ಅಂಕದವರು ಸ್ನಾನ ಬಿಟ್ಟು ಮಲಗಿದ್ದರೆ ನನಗೆ ಹೆಚ್ಚು ಚಿಂತೆ. ಹಾಗೆಂದು ಕೆಲಸ ನಡೆಯುತ್ತಿದೆ ಎಂದ ಮಾತ್ರಕ್ಕೆ ಸೌಮ್ಯ ಅಂದುಕೊಳ್ಳಬೇಡಿ. ಮೀರಾ ರೋಡಿನ ಒಬ್ಬ ಗೃಹಿಣಿಯ ಬಗ್ಗೆ ಗಂಡ, 'ಅಡುಗೆ ಎಲ್ಲ ಮಾಡ್ತಾಳೆ, ಏನೂ ಆಗಿಲ್ಲ' ಎಂದರು. ಕೇಳಿದರೆ ಮೂರು ತಿಂಗಳಿಂದ ದಿನಾ ಅದೇ ಸಾರು, ಅದೇ ಅನ್ನ. ಮೊದಲು ವಾರಕ್ಕೆರಡು ಸಲ ನೀರುದೋಸೆಗೆ ಅಕ್ಕಿ ನೆನೆಹಾಕುತ್ತಿದ್ದವರು.

ಎಲ್ಲರಿಗೂ ಈ ಹಾಳೆ ಒಗ್ಗುವುದಿಲ್ಲ. ಬಾಣಂತಿಗೆ ಹೇಗೂ ನಿದ್ದೆ ಇಲ್ಲ. ಅವರಿಗೆ ಎಡಿನ್‌ಬರ್ಗ್ ಅಳತೆ ಇದೆ, 10 ಪ್ರಶ್ನೆ, ಕಳೆದ 7 ದಿನದ ಬಗ್ಗೆ. ತವರಿನಲ್ಲಿ ಬಾಣಂತನ ಮುಗಿಸಿ ಮಗು ಎತ್ತಿಕೊಂಡು ಮುಂಬೈಯ ಫ್ಲ್ಯಾಟಿಗೆ ಮರಳಿದ ಹುಡುಗಿಯರನ್ನು ದಯವಿಟ್ಟು ಕೇಳಿ. ವಯಸ್ಸಾದವರಿಗೆ ಹೌದು, ಅಲ್ಲ ಎಂದಷ್ಟೇ ಉತ್ತರಿಸುವ 15 ಪ್ರಶ್ನೆಗಳ ಅಳತೆ ಉಂಟು. ಡಾಕ್ಟರರು ತಾವೇ ಮಾತಾಡಿಸಿ ಅಂಕ ಹಾಕುವ ಹ್ಯಾಮಿಲ್ಟನ್ ಅಳತೆ 1960ರಿಂದ ಬಳಕೆಯಲ್ಲಿದೆ. ಅದು ನಮ್ಮ ಕೈಯ ಕೆಲಸವಲ್ಲ.

ಡಾಕ್ಟರಿಗೆ ಹೇಳಲೇಬೇಕಾದದ್ದು

ಥೈರಾಯ್ಡ್ ಕಡಿಮೆಯಾದರೆ, ರಕ್ತ ಕಡಿಮೆಯಾದರೆ, ಬಿ12 ಕೊರತೆಯಾದರೆ ಇದೇ ಥರ ಕಾಣುತ್ತದೆ. ಹಳೆಯ ರಿಪೋರ್ಟುಗಳನ್ನು ಒಯ್ಯಿರಿ. ತೆಗೆದುಕೊಳ್ಳುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಯನ್ನೂ. ಕುಡಿತ ಮುಚ್ಚಿಡಬೇಡಿ. 'ಅಪರೂಪಕ್ಕೆ' ಅಂದರೆ ನಮ್ಮವರಲ್ಲಿ ದಿನಾ ರಾತ್ರಿ ಎಂಬ ಅರ್ಥವೂ ಇರುತ್ತದೆ.

ಇನ್ನೊಂದು ದೊಡ್ಡ ವಿಷಯ. ಹಿಂದೆ ಯಾವಾಗಾದರೂ ಇದರ ತದ್ವಿರುದ್ಧ ಆಗಿತ್ತಾ? ವಾರಗಟ್ಟಲೆ ನಿದ್ದೆಯೇ ಬೇಡ, ಮಾತು ನಿಲ್ಲದು, ಕಂಡಕಂಡಲ್ಲಿ ಖರ್ಚು, ಹತ್ತು ಹೋಟೆಲ್ ತೆರೆಯುವ ಯೋಜನೆ? ಹಾಗಿದ್ದರೆ ಅದು ಬೈಪೋಲಾರ್ ಎಂಬ ಬೇರೆ ಕಾಯಿಲೆ ಇರಬಹುದು. ಆಗ ಬರೀ ಖಿನ್ನತೆಯ ಗುಳಿಗೆ ಕೊಟ್ಟರೆ ಕೆಡಬಹುದು. ಇದನ್ನು ಮನೆಯವರೇ ಹೇಳಬೇಕು. ರೋಗಿಗೆ ಅದು ತನ್ನ ಒಳ್ಳೆಯ ಕಾಲ ಎಂದೇ ನೆನಪಿರುತ್ತದೆ.

ಊರಲ್ಲಿ ಜೋಯಿಸರ ಬಳಿ ಪ್ರಶ್ನೆ ಇಡಿಸುವುದು, ದೈವಕ್ಕೆ ಹೇಳಿಕೊಳ್ಳುವುದು ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಆ ದಿನಕ್ಕೆ ಕಾಯುತ್ತಾ ಡಾಕ್ಟರನ್ನು ಮುಂದೂಡಬೇಡಿ.

ಪರೇಲಿನ ಕೆಇಎಂ, ಮುಂಬೈ ಸೆಂಟ್ರಲ್‌ನ ನಾಯರ್, ಸಯಾನ್, ಭಾಯಖಳದ ಜೆಜೆ, ಈ ಎಲ್ಲ ಆಸ್ಪತ್ರೆಗಳಲ್ಲೂ ಮನೋರೋಗ ವಿಭಾಗ ಇದೆ. ಠಾಣೆಯಲ್ಲಿ ಸರ್ಕಾರದ ಮಾನಸಿಕ ಆಸ್ಪತ್ರೆ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ (ಆಸ್ಪತ್ರೆಯ ನೋಂದಣಿ ಚೀಟಿ) ಮಾಡಿಸಿ. ಹಾಳೆಯ ಹಿಂದೆ ಮೂರು ಸಾಲು ಬರೆದುಕೊಂಡು ಹೋಗಿ, ಹಿಂದಿಯಲ್ಲೋ ಮರಾಠಿಯಲ್ಲೋ: ಯಾವಾಗಿನಿಂದ, ಮೊದಲು ಹೇಗಿದ್ದರು, ಒಂಬತ್ತನೆಯದಕ್ಕೆ ಏನೆಂದರು. ಒಳಗೆ ಸಿಗುವುದು ಕೆಲವೇ ನಿಮಿಷ.

ಫೋನಿನಲ್ಲಿ ಮಾತಾಡಬೇಕಾದರೆ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಜೀವಕ್ಕೆ ಅಪಾಯ ಇರುವಾಗ 108 ಅಥವಾ 112. ಪೊಲೀಸ್ ಕೇಸ್ ಆಗುತ್ತದೆ ಎಂದು ಹೆದರಿ ಬಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮೊದಲು ಭಾವಿಸಬೇಕು, ಶಿಕ್ಷೆ ಕೊಡುವಂತಿಲ್ಲ.

ಮತ್ತೆ ಅಳೆಯಿರಿ

ಒಂದು ಸಲದ ಅಂಕ ಒಂದು ಫೋಟೋ ಇದ್ದ ಹಾಗೆ. 2ರಿಂದ 4 ವಾರಕ್ಕೊಮ್ಮೆ ಅದೇ ಹಾಳೆ, ಅದೇ ಭಾಷೆ, ಸಾಧ್ಯವಾದರೆ ಅದೇ ವ್ಯಕ್ತಿ ಕೇಳಲಿ. 5 ಅಂಕ ಇಳಿದರೆ ನಿಜವಾಗಿ ಏನೋ ಬದಲಾಗಿದೆ ಎಂದರ್ಥ. ಅರ್ಧಕ್ಕೆ ಇಳಿದರೆ ಚಿಕಿತ್ಸೆ ಹಿಡಿಸಿದೆ. 5ಕ್ಕಿಂತ ಕೆಳಗೆ ಬಂದು ಅಲ್ಲೇ ನಿಲ್ಲುವುದು ಗುರಿ. ಗುಳಿಗೆ ಕೆಲಸ ಮಾಡಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಮನಸ್ಸಿಗಿಂತ ಮೈಗೆ ಮೊದಲು ಚೈತನ್ಯ ಬರುವುದುಂಟು. ಆ ಹೊತ್ತಿನಲ್ಲಿ ಒಂಬತ್ತನೆಯ ಪ್ರಶ್ನೆಯನ್ನು ತಪ್ಪದೆ ಕೇಳಿ.

ಅಣ್ಣನದು ಜನವರಿಯಲ್ಲಿ 20. ಎರಡು ವಾರದ ಮೇಲೆ 19, ಭಾವ ಸಿಟ್ಟಾಗಿ ಡಾಕ್ಟರನ್ನೇ ಬದಲಿಸೋಣ ಎಂದರು. ತಡೆದೆ. ಮಾರ್ಚಿನಲ್ಲಿ 12. ಏಪ್ರಿಲ್ ಕೊನೆಗೆ 7. ತಾಳಮದ್ದಳೆಗೆ ಒಮ್ಮೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬಂದರಂತೆ. ಮೇ ತಿಂಗಳಿಗೆ ಊರಲ್ಲಿ ದೈವದ ನೇಮ, ಎರಡು ಮದುವೆ. ಮತ್ಸ್ಯಗಂಧ ರೈಲಿನಲ್ಲಿ ಹೊರಟರು. ಗುಳಿಗೆಯ ಸ್ಟ್ರಿಪ್ ಮಾಟುಂಗಾದ ಟ್ರಂಕಿನಲ್ಲೇ ಉಳಿಯಿತು. 'ಊರಿನ ಗಾಳಿಗೆ ಗುಳಿಗೆ ಬೇಡ ಅನ್ನಿಸ್ತು ಅಕ್ಕ.' ಜೂನಿನಲ್ಲಿ ಮಳೆಗೆ ನೆನೆದುಕೊಂಡು ಬಂದು ಕೂತರು. 15.

ಗುಣವಾಯಿತು ಅನ್ನಿಸಿದ ಮೇಲೂ ಕನಿಷ್ಠ ಆರು ತಿಂಗಳು ಗುಳಿಗೆ ಮುಂದುವರಿಸಲು ಡಾಕ್ಟರರು ಸಾಮಾನ್ಯವಾಗಿ ಹೇಳುತ್ತಾರೆ. ನಿಲ್ಲಿಸುವುದೂ ಅವರು ಹೇಳಿದಂತೆ, ಹಂತಹಂತವಾಗಿ. ಹಾಗಾಗಿ ಊರಿಗೆ ಟಿಕೆಟ್ ತೆಗೆದ ದಿನವೇ ಗುಳಿಗೆ ಎಣಿಸಿ, ಹೋಗಿ ಬರುವ ದಿನಗಳ ಮೇಲೆ ಇನ್ನೊಂದು ವಾರದ್ದು ಸೇರಿಸಿ, ಡಾಕ್ಟರ ಚೀಟಿಯ ಜೊತೆ ಇಟ್ಟುಕೊಳ್ಳಿ. ಅಣ್ಣನ ಗುಳಿಗೆ ಈಗ ಭಾವನ ಬ್ಯಾಗಿನಲ್ಲಿ ಹೋಗುತ್ತದೆ.